ಇಂಡಕ್ಷನ್ ಒಲೆ: ನಮ್ಮ ಮನೆಗೆ ಎಷ್ಟು ಕೆಲಸಕ್ಕೆ ಬಂತು?

ನಮ್ಮದು ಪಾವಗಡ ಸೀಮೆ. ಮಳೆ ನಂಬಿದ ಏಳು ಎಕರೆ. ಕಡಲೆಕಾಯಿ, ಸಾಲಿನಲ್ಲಿ ತೊಗರಿ, ಮನೆ ಮಟ್ಟಿಗೆ ರಾಗಿ. ಮನೆಯಲ್ಲಿ ಆರು ಜನ. ಈ ಸಲ ಬೆಳೆ ವಿಷಯ ಬಿಟ್ಟು ಅಡುಗೆಮನೆ ವಿಷಯ ಬರೆಯುತ್ತಿದ್ದೇನೆ. ಯಾಕೆಂದರೆ ಒಂದು ವರ್ಷದಿಂದ ನಮ್ಮೂರಲ್ಲಿ ನನ್ನನ್ನು ಬೀಜದ ಬಗ್ಗೆ ಕೇಳೋರಿಗಿಂತ ಈ ಕರೆಂಟ್ ಒಲೆ ಬಗ್ಗೆ ಕೇಳೋರೇ ಜಾಸ್ತಿ ಆಗಿದ್ದಾರೆ.

ವಿಷಯ ಶುರುವಾಗಿದ್ದು ಆಸ್ಪತ್ರೆಯಲ್ಲಿ. ನಮ್ಮನೆಯವಳಿಗೆ ಎರಡು ಚಳಿಗಾಲದಿಂದ ಕೆಮ್ಮು ನಿಂತಿರಲಿಲ್ಲ. ಕಳೆ ಕೀಳುವಾಗ ಒಂದು ಸಾಲು ಮುಗಿಸುವಷ್ಟರಲ್ಲಿ ಏದುಸಿರು. ಡಾಕ್ಟರು ಎದೆ ನೋಡಿ, "ಮನೇಲಿ ಬೀಡಿ ಯಾರು ಸೇದ್ತಾರೆ?" ಅಂತ ಕೇಳಿದರು. ಯಾರೂ ಇಲ್ಲ ಅಂದೆ. "ಹಾಗಾದ್ರೆ ಅಡುಗೆ ಯಾವ ಒಲೆಯಲ್ಲಿ?" ಅಂದರು. ಸೌದೆ ಒಲೆ ಅಂದೆ. "ಮಾತ್ರೆ ಕೊಡ್ತೀನಿ. ಆದ್ರೆ ಹೊಗೆ ಮುಂದೆ ಕೂತ್ಕೊಂಡು ನನ್ನ ಮಾತ್ರೆ ನುಂಗಿದ್ರೆ ಏನೂ ಆಗಲ್ಲ" ಅಂದುಬಿಟ್ಟರು.

ನನಗೆ ನಾಚಿಕೆ ಆಯಿತು. ಯಾಕೆಂದರೆ ಮನೆಯಲ್ಲಿ 2018 ರಿಂದ ಗ್ಯಾಸ್ ಇದೆ. ಆದರೆ ಅದು ನೆಂಟರು ಬಂದಾಗ ಟೀ ಕಾಸೋಕೆ ಮಾತ್ರ. ಒಂದೇ ಸಲ ಒಂಬೈನೂರು ರೂಪಾಯಿ ಕೊಡಬೇಕಲ್ಲ ಅಂತ ಮನೆಯವಳೇ ಹಿಡಿದು ಹಿಡಿದು ಉರಿಸುತ್ತಿದ್ದಳು. ಸಿಲಿಂಡರ್ ಗಾಡಿ ಊರಿಗೆ ಬರೋದು ವಾರಕ್ಕೊಂದು ದಿನ. ಆವತ್ತು ನಾವು ಹೊಲದಲ್ಲಿದ್ದರೆ ಮುಂದಿನ ವಾರ. ಸೌದೆಗೆ ಕಾಸಿಲ್ಲ. ಕೆರೆ ಅಂಗಳದ ತುಂಬ ಬಳ್ಳಾರಿ ಜಾಲಿ, ಮನೆ ಮುಂದೆ ತೊಗರಿ ಕಟ್ಟಿಗೆ. ಕಾಸಿಲ್ಲ ಅಂತ ನಾವು ಲೆಕ್ಕ ಹಾಕಿದ್ದು, ಆ ಲೆಕ್ಕ ಅವಳ ಎದೆಯಲ್ಲಿ ಬರೆದಿತ್ತು.

ನಮ್ಮಪ್ಪನ ಕಾಲದಲ್ಲಿ ಒಂದು ಅಸ್ತ್ರ ಒಲೆ ಹಾಕಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಂಡುಹಿಡಿದದ್ದು. ಅವರ 'ಅಸ್ತ್ರ' ವಿಭಾಗ ನಮ್ಮ ಜಿಲ್ಲೆಯದೇ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಕೆಲಸ ಮಾಡಿತ್ತು. ಒಳ್ಳೆ ಒಲೆ. ಸೌದೆ ಅರ್ಧಕ್ಕರ್ಧ ಉಳೀತಿತ್ತು, ಹೊಗೆ ಕೊಳವೆಯಲ್ಲಿ ಮೇಲೆ ಹೋಗ್ತಿತ್ತು. ನಾವು ಕೊಳವೆಯ ಮಸಿ ತೆಗೆಯಲಿಲ್ಲ, ಸೌದೆ ಸಣ್ಣಗೆ ಸೀಳಲಿಲ್ಲ. ಕೊಳವೆ ಕಟ್ಟಿಕೊಂಡ ಮೇಲೆ ಒಲೆ ಒಡೆದು ಹಳೇ ಮೂರು ಗುಂಡಿಗೆ ವಾಪಸ್ ಬಂದೆವು. ತಪ್ಪು ಒಲೆಯದಲ್ಲ. ಅದಕ್ಕೇ ಈ ಸಲ ಮಗ ಇಂಡಕ್ಷನ್ ತರೋಣ ಅಂದಾಗ, ತರೋದು ದೊಡ್ಡದಲ್ಲ, ಮೂರು ತಿಂಗಳ ಮೇಲೂ ಅದರಲ್ಲಿ ಅಡುಗೆ ಆಗ್ತದಾ ನೋಡಬೇಕು ಅಂತ ಅಂದುಕೊಂಡೆ.

ಒಲೆ ಕಾಯೋದಿಲ್ಲ, ಪಾತ್ರೆ ಕಾಯ್ತದೆ

ಇದು ಮೊದಲು ತಿಳಿಯಬೇಕಾದ ಸಂಗತಿ. ಹಳೇ ಸುರುಳಿ ಒಲೆಯಲ್ಲಿ ತಂತಿ ಕೆಂಪಗೆ ಕಾದು ಪಾತ್ರೆಗೆ ಬಿಸಿ ಕೊಡುತ್ತಿತ್ತು. ಇಂಡಕ್ಷನ್ನಲ್ಲಿ ಗಾಜಿನ ಕೆಳಗೆ ಚಕ್ಕುಲಿ ಥರ ಸುತ್ತಿದ ತಾಮ್ರದ ತಂತಿ ಇರುತ್ತದೆ. ಅದರಲ್ಲಿ ಕರೆಂಟು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಹಿಂದೆ ಮುಂದೆ ಓಡಾಡುತ್ತದೆ. ಅದರಿಂದ ಅಯಸ್ಕಾಂತದ ಶಕ್ತಿ ಏಳುತ್ತದೆ. ಮೇಲೆ ಕಬ್ಬಿಣದ ತಳ ಇದ್ದರೆ ಆ ತಳದೊಳಗೇ ಕರೆಂಟು ಸುತ್ತಿ ತಳ ತಾನೇ ಕಾಯುತ್ತದೆ.

ನನಗೆ ಇದು ಅರ್ಥ ಆಗಿದ್ದು ಮೋಟಾರು ವೈಂಡಿಂಗ್ ಮಾಡುವವರ ಅಂಗಡಿಯಲ್ಲಿ. ಪಂಪಿನ ಮೋಟಾರಿನೊಳಗೆ ಕಬ್ಬಿಣ ಗಟ್ಟಿ ಉಂಡೆಯಾಗಿ ಇರೋದಿಲ್ಲ. ತೆಳು ತೆಳು ತಗಡು ಜೋಡಿಸಿರುತ್ತಾರೆ. ಗಟ್ಟಿ ಕಬ್ಬಿಣ ಇಟ್ಟರೆ ಅದರೊಳಗೆ ಕರೆಂಟು ಸುತ್ತಿ ಕಾದು ಹೋಗುತ್ತದೆ, ಅದನ್ನು ತಪ್ಪಿಸೋಕೆ ತಗಡು. "ಅಲ್ಲಿ ಬೇಡ ಅಂತ ತಪ್ಪಿಸಿದ್ದನ್ನ ಇಲ್ಲಿ ಬೇಕು ಅಂತ ಮಾಡವ್ರೆ, ಅಷ್ಟೇಯಣ್ಣ" ಅಂದ ಆ ಹುಡುಗ.

ಪಾತ್ರೆಯೇ ಕಾಯೋದರಿಂದ ಬಿಸಿ ಆಚೀಚೆ ಪೋಲಾಗೋದು ಕಡಿಮೆ. ಸೌದೆ ಒಲೆಯಲ್ಲಿ ನೂರು ಪಾಲು ಬೆಂಕಿಯಲ್ಲಿ ಪಾತ್ರೆಗೆ ಸಿಗೋದು ಹತ್ತು ಹದಿನೈದು ಪಾಲು. ಗ್ಯಾಸ್ ಒಲೆಯಲ್ಲಿ ನಮ್ಮಂಥ ಮನೆಗಳಲ್ಲಿ ಐವತ್ತು ಅರವತ್ತು. ಇಂಡಕ್ಷನ್ನಲ್ಲಿ ಸುಮಾರು ಎಂಬತ್ತೈದು. ಅಡುಗೆಮನೆ ಸೆಕೆ ಕಡಿಮೆ ಅಂತ ಸೊಸೆ ಹೇಳೋದೂ ಇದೇ ಕಾರಣಕ್ಕೆ.

ಅಯಸ್ಕಾಂತ ಜೇಬಲ್ಲಿರಲಿ

ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ, ಮಣ್ಣಿನ ಪಾತ್ರೆ ಇದರ ಮೇಲೆ ನಡೆಯೋದಿಲ್ಲ. ಸ್ಟೀಲಿನಲ್ಲೂ ಎಲ್ಲವೂ ನಡೆಯೋದಿಲ್ಲ. ಹಳೇ ರೇಡಿಯೋದ ಸ್ಪೀಕರ್ ಬಿಚ್ಚಿ ಅಯಸ್ಕಾಂತ ತೆಗೆದೆ. ಅಟ್ಟದ ಮೇಲಿನ ಪಾತ್ರೆಯೆಲ್ಲ ಇಳಿಸಿ ತಳಕ್ಕೆ ಹಿಡಿದು ನೋಡಿದೆವು. ಮದುವೇಲಿ ಬಂದ ಉಡುಗೊರೆ ಪಾತ್ರೆಗಳೂ ಸೇರಿ ಇಪ್ಪತ್ತೆರಡು ಇದ್ದವು. ಗಟ್ಟಿಯಾಗಿ ಕಚ್ಚಿದ್ದು ಐದು. ಅದರಲ್ಲೂ ಎರಡರ ತಳ ಉಬ್ಬಿತ್ತು, ಗಾಜಿನ ಮೇಲೆ ಬುಗುರಿ ಥರ ತಿರುಗುತ್ತಿದ್ದವು. ತಳ ಚಪ್ಪಟೆ ಇರಬೇಕು. ನಮ್ಮ ಐದು ಲೀಟರ್ ಕುಕ್ಕರ್ ಅಲ್ಯುಮಿನಿಯಂ, ಅದೂ ಆಗಲಿಲ್ಲ.

ಹಾಗಾಗಿ ಖರ್ಚು ಬರೀ ಒಲೆಯದಲ್ಲ. ನಮಗೆ ಒಲೆಗೆ 2,300, ಇಂಡಕ್ಷನ್ ತಳದ ಕುಕ್ಕರ್ ಮತ್ತು ಒಂದು ಪಾತ್ರೆಗೆ 1,900, ವೈರಿಂಗಿಗೆ 1,450. ಒಟ್ಟು 5,650 ರೂಪಾಯಿ. ಅಂಗಡಿಯಲ್ಲಿ ಹೇಳೋದು ಮೊದಲನೇ ಲೆಕ್ಕ ಮಾತ್ರ. ಪಾತ್ರೆ ಕೊಳ್ಳೋಕೆ ಹೋಗುವಾಗ ಅಯಸ್ಕಾಂತ ಜೇಬಲ್ಲಿ ಇಟ್ಟುಕೊಂಡು ಹೋಗಿ. ಡಬ್ಬದ ಮೇಲೆ ಏನೇ ಬರೆದಿರಲಿ, ಕಚ್ಚಿದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ.

ಒಂಬತ್ತನೇ ದಿನದ ಸುಟ್ಟ ವಾಸನೆ

ವೈರಿಂಗಿನ 1,450 ಮೊದಲೇ ಮಾಡಿದ ಖರ್ಚಲ್ಲ. ಪೆಟ್ಟು ತಿಂದ ಮೇಲೆ ಮಾಡಿದ್ದು.

ಒಲೆ ಬಂದ ದಿನ ಟಿವಿಗೆ ಹಾಕಿದ್ದ ಎಕ್ಸ್‌ಟೆನ್ಷನ್ ಬಾಕ್ಸಿಗೇ ಪ್ಲಗ್ ಸಿಕ್ಕಿಸಿ ಶುರು ಮಾಡಿದೆವು. ಎಂಟು ದಿನ ಚೆನ್ನಾಗಿ ನಡೆಯಿತು. ಒಂಬತ್ತನೇ ದಿನ ಬೆಳಗ್ಗೆ ಸೊಸೆ, "ಮಾವ, ಏನೋ ರಬ್ಬರ್ ಸುಟ್ಟ ವಾಸನೆ" ಅಂತ ಕೂಗಿದಳು. ನೋಡಿದರೆ ಬಾಕ್ಸಿನ ತೂತು ಕಂದು ಬಣ್ಣಕ್ಕೆ ತಿರುಗಿ ಪ್ಲಗ್ಗಿಗೆ ಅಂಟಿಕೊಂಡಿದೆ. ಪಕ್ಕದಲ್ಲೇ ಕಡಲೆಕಾಯಿ ಮೂಟೆ. ಮೇನ್ ಆಫ್ ಮಾಡಿ, ಒಣ ಕೋಲಿನಲ್ಲಿ ತಳ್ಳಿ ಬಿಡಿಸಿದೆ. ಇನ್ನರ್ಧ ಗಂಟೆ ಯಾರೂ ನೋಡದೇ ಇದ್ದಿದ್ದರೆ ಏನಾಗ್ತಿತ್ತೋ.

ಲೆಕ್ಕ ಸುಲಭ. ಒಲೆ 2000 ವ್ಯಾಟ್ ಎಳೆದರೆ 230 ವೋಲ್ಟಿನಲ್ಲಿ ಎಂಟೂಮುಕ್ಕಾಲು ಆಂಪಿಯರ್ ಹತ್ತಿರ ಆಗುತ್ತದೆ. ನಮ್ಮ ಮಾಮೂಲಿ ಸಣ್ಣ ಪ್ಲಗ್ ಪಾಯಿಂಟ್ 6 ಆಂಪಿಯರಿನದು. ಎತ್ತಿನ ಗಾಡಿಗೆ ಲಾರಿ ಲೋಡು ಹೇರಿದ ಹಾಗೆ. ಈಗ ಮೇನ್ ಬೋರ್ಡಿನಿಂದ ಒಲೆಗೆಂದೇ ಬೇರೆ ಲೈನ್ ಎಳೆಸಿದ್ದೇನೆ. ತಾಮ್ರದ ವೈರು, 2.5 ಚದರ ಮಿಲಿಮೀಟರಿಗೆ ಕಡಿಮೆ ಬೇಡ. ಸಾಕೆಟ್ಟು 16 ಆಂಪಿಯರಿನದು, ಮೂರು ಪಿನ್ನಿನದು, ಜೊತೆಗೆ ಒಂದು ಎಂಸಿಬಿ. ಅರ್ಥಿಂಗ್ ನಿಜಕ್ಕೂ ನೆಲಕ್ಕೆ ಹೋಗಿದೆಯಾ ನೋಡಿಸಿ. ನಮ್ಮದರಲ್ಲಿ ವೈರು ಗೋಡೆಯವರೆಗೆ ಬಂದು ಅಲ್ಲೇ ನಿಂತಿತ್ತು, ಹೊರಗೆ ಗುಂಡಿಯೇ ಇರಲಿಲ್ಲ.

ಭಾಗ್ಯಜ್ಯೋತಿ, ಕುಟೀರಜ್ಯೋತಿ ಸಂಪರ್ಕದ ಮನೆಯವರು ಇನ್ನೂ ಎಚ್ಚರ ಇರಬೇಕು. ಅದು ದೀಪಕ್ಕೆ ಅಂತ ಕೊಟ್ಟ ಸಂಪರ್ಕ. ಮಿಕ್ಕವರೂ ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ, ನೋಡಿಕೊಳ್ಳಿ. ಲೋಡು ಏರಿಸಿದರೆ ತಿಂಗಳ ನಿಗದಿ ಶುಲ್ಕವೂ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ.

ಮೀಟರಿನ ಕೆಂಪು ದೀಪ

ಎಷ್ಟು ಕರೆಂಟು ತಿಂತದೆ ಅನ್ನೋದಕ್ಕೆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಾನು ಮೀಟರ್ ಮುಂದೆ ಕೂತೆ. ಈಗಿನ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಾ ಇರುತ್ತದೆ. ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಅಂತ ಮೀಟರ್ ಮೇಲೆ ಬರೆದಿರುತ್ತದೆ. ನಮ್ಮದರಲ್ಲಿ 3200. ಮಿಕ್ಕಿದ್ದೆಲ್ಲ ಆರಿಸಿ, ಎರಡು ಲೀಟರ್ ನೀರಿಟ್ಟು 1200 ರ ಗುಂಡಿ ಒತ್ತಿದೆವು. ಮೊಮ್ಮಗ ಎಣಿಸಿದ, ನಿಮಿಷಕ್ಕೆ 64 ಸಲ. ನೀರು ಕುದಿಯೋಕೆ ಹತ್ತು ನಿಮಿಷ. ಅಂದರೆ 640 ಸಲ, ಯೂನಿಟ್ಟಿನ ಐದನೇ ಒಂದು ಪಾಲು. ಎರಡು ಲೀಟರ್ ನೀರು ಕುದಿಸೋಕೆ ಹೆಚ್ಚುಕಡಿಮೆ ಒಂದೂವರೆ ರೂಪಾಯಿ ಕರೆಂಟು. ಯಾರು ಬೇಕಾದರೂ ತಮ್ಮ ಮನೆಯಲ್ಲಿ ಹೀಗೆ ನೋಡಬಹುದು.

ಗ್ಯಾಸಿಗೆ ಹೋಲಿಸೋಕೆ ಹೈಸ್ಕೂಲ್ ಮೇಷ್ಟ್ರೊಬ್ಬರ ಸಹಾಯ ತಗೊಂಡೆ. ಸಿಲಿಂಡರಿನಲ್ಲಿ 14.2 ಕಿಲೋ ಅನಿಲ. ಅದನ್ನು ಪೂರ್ತಿ ಉರಿಸಿದರೆ ಬರುವ ಬಿಸಿ ಸುಮಾರು 180 ಯೂನಿಟ್ ಕರೆಂಟಿಗೆ ಸಮ. ಅದರಲ್ಲಿ ಪಾತ್ರೆಗೆ ಸೇರೋದು 100 ರ ಆಸುಪಾಸು. ಅಷ್ಟೇ ಬಿಸಿ ಇಂಡಕ್ಷನ್ನಿಂದ ಬೇಕೆಂದರೆ ಸುಮಾರು 120 ಯೂನಿಟ್. ಯೂನಿಟ್ಟಿಗೆ ತೆರಿಗೆ ಎಲ್ಲ ಸೇರಿ 7 ರೂಪಾಯಿ ಹಿಡಿದರೆ 840. ಸಿಲಿಂಡರಿಗೆ ನಾವು ಕೊಟ್ಟಿದ್ದು 900. ವ್ಯತ್ಯಾಸ ಅಷ್ಟಕ್ಕಷ್ಟೆ. ಉಜ್ವಲಾ ಸಂಪರ್ಕಕ್ಕೆ 2023 ರ ಅಕ್ಟೋಬರಿನಿಂದ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಮಾಡಿದರು. ಆ ಸಬ್ಸಿಡಿ ಖಾತೆಗೆ ಬರುವವರಿಗೆ ಗ್ಯಾಸೇ ಅಗ್ಗ. ಬರೀ ಹಣ ಉಳಿಸೋಕೆ ಅಂತ ಇಂಡಕ್ಷನ್ ತರೋರು ಸ್ವಲ್ಪ ತಡೆಯಿರಿ.

"ಕರೆಂಟು ಹೆಂಗೂ ಫ್ರೀ ಅಲ್ವಾ, ಇನ್ನೂರು ಯೂನಿಟ್ ತಂಕ?" ಅಂತ ಕೇಳುತ್ತಾರೆ. ಇಲ್ಲೇ ಎಲ್ಲರೂ ಎಡವೋದು. ಗೃಹಜ್ಯೋತಿ 2023 ರಲ್ಲಿ ಬಂತು. ಇನ್ನೂರು ಅನ್ನೋದು ಮೇಲಿನ ಗಡಿ. ನಿಮ್ಮ ಮನೆಗೆ ಮಾಫಿ ಎಷ್ಟು ಅನ್ನೋದು ನೀವು 2022-23 ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರಿ ಅನ್ನೋದರ ಮೇಲೆ, ಅದಕ್ಕೆ ಸ್ವಲ್ಪ ಸೇರಿಸಿ ಗೊತ್ತುಮಾಡಿದ್ದು. ನಾವು ಹಿಡಿದು ಉರಿಸಿದವರು, ನಮಗೆ ಗೊತ್ತಾಗಿರೋದು 53 ಯೂನಿಟ್. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಇನ್ನೂರು ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ನಮ್ಮದೇ. ಮಿತವಾಗಿ ಉರಿಸಿದವನಿಗೆ ಮಿತವಾದ ಮಾಫಿ, ಧಾರಾಳವಾಗಿ ಉರಿಸಿದವನಿಗೆ ಧಾರಾಳ. ಇದು ಯಾವ ನ್ಯಾಯವೋ ನನಗೆ ತಿಳಿಯದು. ಇರಲಿ.

ಒಲೆ ಬರೋ ಮೊದಲು ನಮ್ಮ ಮನೆಯಲ್ಲಿ 46 ಯೂನಿಟ್ ಆಗುತ್ತಿತ್ತು. ಈಗ 86-88. ದಿನಕ್ಕೆ ಒಂದೂಕಾಲರಿಂದ ಒಂದೂವರೆ ಯೂನಿಟ್ ಒಲೆಯದು. ಸೊನ್ನೆ ಬರುತ್ತಿದ್ದ ಬಿಲ್ಲು 240 ರ ಹತ್ತಿರ ಬರುತ್ತಿದೆ. ಮೊದಲ ಬಿಲ್ಲು ಬಂದಾಗ ನಮ್ಮನೆಯವಳು ಕಾಗದ ನೋಡಿ, "ಇದನ್ನ ಎತ್ತಿಡಿ, ಸೌದೆ ಇದೆಯಲ್ಲ" ಅಂದಳು. ನಾನು ಆಸ್ಪತ್ರೆಯ ಚೀಟಿಗಳನ್ನು ತಂದು ಪಕ್ಕದಲ್ಲಿಟ್ಟೆ. ಬಸ್ಸಿನ ಖರ್ಚು ಬಿಟ್ಟು ಮಾತ್ರೆಗೇ ಆ ತಿಂಗಳು 780 ಆಗಿತ್ತು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಒಂದೇ ಸಲ ಒಂಬೈನೂರು ಕೊಡೋಕೆ ಕೈ ನಡುಗುತ್ತದೆ, ತಿಂಗಳಿಗೆ ಇನ್ನೂರೈವತ್ತು ಹೇಗೋ ಹೊಂದಿಸಬಹುದು. ಲೆಕ್ಕದಲ್ಲಿ ಎರಡೂ ಒಂದೇ ಇರಬಹುದು, ಜೇಬಿಗೆ ಒಂದೇ ಅಲ್ಲ.

ಮುದ್ದೆಗೆ ಆಗಲಿಲ್ಲ

ಇನ್ನು ಅಡುಗೆ ವಿಷಯ. ನೀರು, ಹಾಲು, ಟೀ, ಕುಕ್ಕರಿನಲ್ಲಿ ಅನ್ನ, ಬೇಳೆ, ಸಾರು, ಉಪ್ಪಿಟ್ಟು ಇವೆಲ್ಲ ಗ್ಯಾಸಿಗಿಂತ ಬೇಗ ಆಗುತ್ತವೆ. ಅನ್ನದ ಕುಕ್ಕರಿಗೆ ಕಾಲು ಯೂನಿಟ್ ಸಾಕು. ಮೂರು ವಿಷಲ್ ಆದ ಮೇಲೆ ಆರಿಸಿಬಿಟ್ಟರೆ ಮಿಕ್ಕಿದ್ದು ಆವಿಯಲ್ಲೇ ಬೇಯುತ್ತದೆ. ಹಾಲಿಗೆ ಮಾತ್ರ ಮುಂದೆ ನಿಂತಿರಬೇಕು. ಕಡಿಮೆ ಬೆಲೆಯ ಒಲೆಗಳಲ್ಲಿ ಉರಿ ತಗ್ಗಿಸಿದರೆ ಅದು ಸಣ್ಣಗೆ ಉರಿಯೋದಿಲ್ಲ. ಸ್ವಲ್ಪ ಹೊತ್ತು ಜೋರಾಗಿ ಉರಿದು, ಸ್ವಲ್ಪ ಹೊತ್ತು ನಿಂತು, ಮತ್ತೆ ಜೋರು. ಹಾಲು ಉಕ್ಕಿ ಗಾಜಿನ ಮೇಲೆ ಹರಿದದ್ದು ನಮ್ಮಲ್ಲಿ ಲೆಕ್ಕವಿಲ್ಲ.

ಮುದ್ದೆ ನಮ್ಮ ಜೀವ. ಆರು ಜನರ ಮುದ್ದೆ ತಿರುವೋದು ಅಂದರೆ ಮೈ ಭಾರ ಎಲ್ಲ ಕೋಲಿನ ಮೇಲೆ ಬೀಳಬೇಕು. ಸೌದೆ ಒಲೆ ಮೇಲೆ ಕವೆಗೋಲು ಕೊಟ್ಟು ಪಾತ್ರೆ ಒತ್ತಿ ಹಿಡಿದು ತಿರುವುತ್ತಾರೆ. ಗಾಜಿನ ಮೇಲೆ ಪಾತ್ರೆ ಜಾರುತ್ತದೆ. ಒತ್ತಿದರೆ ಗಾಜು ಎಲ್ಲಿ ಒಡೆಯುತ್ತದೋ ಅನ್ನೋ ಭಯ. ಪಾತ್ರೆ ಅಲುಗಿ ಮೇಲೆದ್ದರೆ ಒಲೆ ಕುಂಯ್ ಅಂತ ಕೂಗಿ ನಿಂತೇ ಹೋಗುತ್ತದೆ. ಎಸರು ಕುದಿಸಿ, ಹಿಟ್ಟು ಹಾಕಿ ಬೇಯಿಸೋತನಕ ಇಂಡಕ್ಷನ್ ಮೇಲೆ, ತಿರುವೋಕೆ ನೆಲಕ್ಕೆ ಇಳಿಸಿ ನೋಡಿದೆವು. ಇಬ್ಬರಿಗೆ ಆಗುವಷ್ಟಾದರೆ ಸರಿ, ಆರು ಜನಕ್ಕೆ ಮುದ್ದೆ ಗಂಟಾಯಿತು. ನಮ್ಮನೆಯವಳು, "ಇಷ್ಟು ವರ್ಷ ಮುದ್ದೆ ಗಂಟಾಗಿದೆ ಅಂತ ಒಬ್ಬರ ಬಾಯಲ್ಲೂ ಅನ್ನಿಸಿಕೊಂಡಿಲ್ಲ" ಅಂತ ಆ ಪ್ರಯೋಗ ಅಲ್ಲಿಗೇ ನಿಲ್ಲಿಸಿದಳು. ಈಗ ಮುದ್ದೆ ಗ್ಯಾಸಿನ ಮೇಲೆ ಬೇಯುತ್ತದೆ, ತಿರುವೋದು ನೆಲದ ಮೇಲೆ ಸೊಸೆ. ಗ್ಯಾಸಿನಲ್ಲಿ ಕೊನೇವರೆಗೂ ಉರಿ ಒಂದೇ ಸಮ ಹಿಡಿಯೋಕೆ ಬರೋದರಿಂದ ಹಿಟ್ಟು ಚೆನ್ನಾಗಿ ಬೇಯುತ್ತದೆ ಅನ್ನೋದು ಅವರ ಅಭಿಪ್ರಾಯ.

ರೊಟ್ಟಿಗೂ ಅಷ್ಟೇ. ಹೆಂಚಿನ ನಡುಭಾಗ ಕಪ್ಪಾಗುತ್ತದೆ, ಅಂಚು ಹಸಿ. ಸುರುಳಿ ಎಷ್ಟಗಲ ಇದೆಯೋ ಅಷ್ಟೇ ಕಾಯೋದು. ಬದನೆಕಾಯಿ ಸುಡೋದು, ಹಪ್ಪಳ ಸುಡೋದು ಬೆಂಕಿ ಇಲ್ಲದೆ ಹೇಗೆ? ಕಡಲೆಕಾಯಿ ಹುರಿಯೋ ಬಾಣಲಿ ತಳ ಗುಂಡಗೆ, ಅದೂ ಬರೋದಿಲ್ಲ.

ಇನ್ನೊಂದು ತೊಂದರೆ ವೋಲ್ಟೇಜು. ನಮ್ಮ ತಾಲ್ಲೂಕಿನ ತಿರುಮಣಿ ಸುತ್ತ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಸುಮಾರು 13,000 ಎಕರೆ. ನೋಡೋಕೆ ಬಂದ ನೆಂಟರು ನಿಮಗೇನು ಕರೆಂಟಿಗೆ ಕೊರತೆ ಅಂತಾರೆ. ಆ ಕರೆಂಟು ದೊಡ್ಡ ಲೈನಿಗೆ ಹೋಗುತ್ತದೆ, ಸೂರ್ಯ ಮುಳುಗಿದರೆ ಅದೂ ಇಲ್ಲ. ಬೇಸಿಗೆಯ ಸಂಜೆ ಏಳರಿಂದ ಒಂಬತ್ತರವರೆಗೆ ನಮ್ಮ ಮನೆಯಲ್ಲಿ 175 ವೋಲ್ಟಿಗೆ ಇಳಿದದ್ದನ್ನು ಮೀಟರ್ ಹಿಡಿದು ನೋಡಿದ್ದೇನೆ. ಆಗ ಒಲೆ ಏನೋ ಅಕ್ಷರ ತೋರಿಸಿ ನಿಂತುಬಿಡುತ್ತದೆ. ಕೆಟ್ಟಿಲ್ಲ, ವೋಲ್ಟೇಜು ಸಾಲದು ಅಂತ. ಅದಕ್ಕೆ ರಾತ್ರಿಯ ಅನ್ನ, ಸಾರು ಐದೂವರೆಗೇ ಮಾಡಿಡುತ್ತಾರೆ. ಕರೆಂಟೇ ಹೋದ ದಿನಕ್ಕೆ ಗ್ಯಾಸ್ ಇರಲೇಬೇಕು. ಗ್ಯಾಸ್ ವಾಪಸ್ ಕೊಟ್ಟು ಇಂಡಕ್ಷನ್ ನಂಬೋ ಕೆಲಸ ಹಳ್ಳಿಯಲ್ಲಿ ಬೇಡ.

ಕೆಲವು ಸಣ್ಣ ಮಾತು. ಅಡುಗೆ ಆದ ತಕ್ಷಣ ಗೋಡೆ ಸ್ವಿಚ್ ಆರಿಸಬೇಡಿ, ಒಳಗಿನ ಫ್ಯಾನು ತಿರುಗಿ ನಿಲ್ಲಲಿ. ತಳದ ಗಾಳಿ ಕಂಡಿಯಿಂದ ಜಿರಲೆ, ಇರುವೆ ಒಳಗೆ ಸೇರಿ ಬೋರ್ಡು ಸುಡುತ್ತವೆ, ನಮ್ಮ ಪಕ್ಕದ ಮನೆಯದು ಹಾಗೇ ಹೋಯಿತು. ರಾತ್ರಿ ಒರೆಸಿ, ಬಟ್ಟೆ ಸುತ್ತಿ ಎತ್ತಿಡುತ್ತೇವೆ. ಒಲೆ ಕಾಯೋದಿಲ್ಲ ಅಂತ ಗಾಜಿನ ಮೇಲೆ ಕೈ ಇಡಬೇಡಿ, ಪಾತ್ರೆಯ ಬಿಸಿ ಅದಕ್ಕೂ ಇಳಿದಿರುತ್ತದೆ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಡಾಕ್ಟರನ್ನು ಕೇಳದೆ ತರಬೇಡಿ.

ಹೋಗಲಿ ಅಂದರೆ, ಈಗ ನಮ್ಮಲ್ಲಿ ಕೆಲಸ ಹೀಗೆ ಹಂಚಿಕೆಯಾಗಿದೆ. ಕುದಿಸೋದು, ಬೇಯಿಸೋದು ಇಂಡಕ್ಷನ್ನಿಗೆ. ಮುದ್ದೆ, ರೊಟ್ಟಿ, ಒಗ್ಗರಣೆ ಗ್ಯಾಸಿಗೆ. ಮೊದಲು ಆರೇಳು ತಿಂಗಳು ಬರುತ್ತಿದ್ದ ಸಿಲಿಂಡರು ಈಗ ಮೂರು ತಿಂಗಳಿಗೆ ಮುಗಿಯುತ್ತದೆ. ಖರ್ಚು ಏರಿದೆ, ಅದನ್ನು ಮುಚ್ಚಿಡೋದಿಲ್ಲ. ಇದನ್ನು ಹಂಚಿದ್ದು ನಾನಲ್ಲ, ಅತ್ತೆ ಸೊಸೆ ಇಬ್ಬರೇ ಕೂತು. ಗಂಡಸರು ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡಿದ ಒಲೆಗಳು ಎಷ್ಟೋ ಮನೆಯಲ್ಲಿ ಅಟ್ಟ ಸೇರಿರೋದನ್ನು ನೋಡಿದ್ದೇನೆ. ನಮ್ಮನೆಯವಳ ಕೆಮ್ಮು ಪೂರ್ತಿ ಹೋಗಿಲ್ಲ. ಆದರೆ ಈ ಚಳಿಗಾಲ ರಾತ್ರಿ ಎದ್ದು ಕೂರೋದು ತಪ್ಪಿದೆ. ಹೋದ ತಿಂಗಳು ತೊಗರಿ ಬಿಡಿಸೋಕೆ ಹೊಲಕ್ಕೂ ಬಂದಿದ್ದಳು.

ಸೌದೆ ಒಲೆ ಉಳಿದಿರೋದು ಸ್ನಾನದ ನೀರಿಗೆ, ಎತ್ತಿನ ಹುರುಳಿಗೆ ಮಾತ್ರ. ಅದನ್ನು ಒಳಗಿನಿಂದ ಕಿತ್ತು ಹಿತ್ತಲ ಚಪ್ಪರದ ಕೆಳಗೆ ಹಾಕಿದ್ದೇನೆ. ಬೆಳಗ್ಗೆ ಉರಿ ಹಾಕೋ ಕೆಲಸ ನನ್ನದು.